ಟಚ್‌ಡೌನ್ ಆಮೇಲೆ, ಮೊದ್ಲು ಸ್ಯಾಕ್ ಎಣಿಸಿ

ಸೀಸನ್ ಇದ್ದಾಗ ಶನಿವಾರ ಬೆಳಗ್ಗೆ ಏಳಕ್ಕೆ ನನ್ ಕೆಲಸ ಶುರು. ಹಿಂದಿನ ರಾತ್ರಿ ಆಡಿದ ಅಮೆರಿಕನ್ ಫುಟ್‌ಬಾಲ್ ಮ್ಯಾಚಿನ ವಿಡಿಯೋನ ಒಂದೊಂದೇ ಪ್ಲೇ ಮಾಡಿ ಕತ್ತರಿಸ್ಬೇಕು, ಎಷ್ಟನೇ ಡೌನು (ಹತ್ತು ಯಾರ್ಡ್ ಮುಂದೆ ಹೋಗೋಕೆ ಸಿಗೋ ನಾಲ್ಕು ಚಾನ್ಸಲ್ಲಿ ಎಷ್ಟನೇದು), ಎಷ್ಟು ಯಾರ್ಡ್ ಬೇಕಿತ್ತು, ಡಿಫೆನ್ಸಿಂದ ಎಷ್ಟು ಜನ ನುಗ್ಗಿದ್ರು, ಬಾಲ್ ಎಸೆಯೋ ಹುಡುಗ ಅಂದ್ರೆ ಕ್ವಾರ್ಟರ್‌ಬ್ಯಾಕ್ ಬಾಲ್ ಕೈಬಿಡೋಕೆ ಎಷ್ಟು ಸೆಕೆಂಡ್ ತಗೊಂಡ, ಎಲ್ಲಾನೂ ಪಕ್ಕದಲ್ಲಿ ಬರೀಬೇಕು. ಓಹಾಯೋದಲ್ಲಿ ಒಂದು ಹೈಸ್ಕೂಲ್ ಟೀಮಿಗೆ ಹನ್ನೊಂದು ವರ್ಷದಿಂದ ಇದೇ ಕೆಲಸ. ಊರಲ್ಲಿ ಅಮ್ಮ ಕೇಳಿದವ್ರಿಗೆಲ್ಲ ಮಗಂಗೆ ಕಂಪ್ಯೂಟರ್ ಕೆಲಸ ಅಂತಾರೆ, ಸುಳ್ಳೇನಲ್ಲ ಬಿಡಿ.

ಇಲ್ಲಿನ ಕನ್ನಡದವ್ರು ಯಾರದೋ ಮನೇಲಿ ಊಟಕ್ಕೆ ಸೇರಿದಾಗೆಲ್ಲ ಒಂದೇ ಪ್ರಶ್ನೆ ಬರುತ್ತೆ, ಈ ಹೊಸ ಕ್ವಾರ್ಟರ್‌ಬ್ಯಾಕ್ ಹುಡುಗ್ರಲ್ಲಿ ಯಾರಪ್ಪಾ ನಂಬರ್ ಒನ್? ಕೇಳೋದಕ್ಕೂ ಕಾರಣ ಇದೆ. ಇಲ್ಲಿನ ದೊಡ್ಡ ಲೀಗು ಎನ್‌ಎಫ್‌ಎಲ್, ಅದರ ಟೀಮುಗಳು ಕಾಲೇಜು ಹುಡುಗ್ರನ್ನ ಸರದಿ ಪ್ರಕಾರ ಆರಿಸ್ಕೊಳ್ಳೋದು ಡ್ರಾಫ್ಟ್. 2024ರ ಡ್ರಾಫ್ಟಲ್ಲಿ ಮೊದಲ 12 ಆಯ್ಕೆ ಒಳಗೇ ಆರು ಕ್ವಾರ್ಟರ್‌ಬ್ಯಾಕ್‌ಗಳು ಹೋದ್ರು, ಕೇಲೆಬ್ ವಿಲಿಯಮ್ಸ್ ಶಿಕಾಗೋಗೆ, ಜೇಡನ್ ಡೇನಿಯಲ್ಸ್ ವಾಷಿಂಗ್ಟನ್‌ಗೆ, ಡ್ರೇಕ್ ಮೇ ನ್ಯೂ ಇಂಗ್ಲೆಂಡ್‌ಗೆ, ಆಮೇಲೆ ಪೆನಿಕ್ಸ್, ಮೆಕಾರ್ಥಿ, ಬೋ ನಿಕ್ಸ್. ಅದರ ಹಿಂದಿನ ವರ್ಷ ಸಿ.ಜೆ. ಸ್ಟ್ರೌಡ್, ಬ್ರೈಸ್ ಯಂಗ್. ಬಾಲ್ ಎದುರಾಳಿ ಗೋಲ್ ಗೆರೆ ದಾಟಿದ್ರೆ ಟಚ್‌ಡೌನ್, ಟಿವಿಯವ್ರು ಇವ್ರನ್ನ ಟಚ್‌ಡೌನು ಯಾರ್ಡು ಇಟ್ಕೊಂಡು ಸಾಲಾಗಿ ನಿಲ್ಲಿಸ್ತಾರೆ. ನಾನು ಮೊದ್ಲು ನೋಡೋದು ಸ್ಯಾಕ್.

ಗೊತ್ತಿಲ್ದೇ ಇರೋರಿಗೆ ಹೇಳ್ಬೇಕಂದ್ರೆ, ಕ್ವಾರ್ಟರ್‌ಬ್ಯಾಕ್ ಬಾಲ್ ಎಸೆಯೋಕೆ ಮುಂಚೆ ಎದುರಾಳಿ ಬಂದು ಅವನನ್ನ ಕೆಡವಿದ್ರೆ ಅದು ಸ್ಯಾಕ್. ಡೌನೂ ಹೋಯ್ತು, ಇದ್ದ ಜಾಗಾನೂ ಹೋಯ್ತು. ಕಾವಲಿಗೆ ನಿಂತ ಲೈನ್‌ಮನ್‌ಗಳಿಗೆ ಬೈಯೋದು ರೂಢಿ, ಆದ್ರೆ ಸ್ಯಾಕ್ ಅನ್ನೋದು ನಮ್ ಕ್ರಿಕೆಟ್ಟಿನ ರನ್‌ಔಟ್ ಇದ್ದಂಗೆ, ತಪ್ಪು ಇಬ್ಬರದೂ ಇರುತ್ತೆ, ಸ್ಕೋರ್‌ಬೋರ್ಡಲ್ಲಿ ಒಬ್ಬನ ಹೆಸರು ಬರುತ್ತೆ. ವಿಡಿಯೋ ನಿಲ್ಸಿ ನಿಲ್ಸಿ ನೋಡಿದ್ರೆ ಅರ್ಧಕ್ಕರ್ಧ ಸ್ಯಾಕಲ್ಲಿ ಲೈನ್ ತನ್ನ ಕೆಲಸ ಮಾಡಿರುತ್ತೆ, ಎರಡೂವರೆ ಸೆಕೆಂಡ್ ತಡೆದಿರುತ್ತೆ, ಹುಡುಗನೇ ಇನ್ನೂ ದೂರದಲ್ಲಿ ಬಾಲ್ ಹಿಡಿಯೋ ರಿಸೀವರ್ ಖಾಲಿ (ಪಕ್ಕದಲ್ಲಿ ಎದುರಾಳಿ ಇಲ್ದೇ) ಸಿಗ್ತಾನೇನೋ ಅಂತ ಕಾಯ್ತಾ ನಿಂತಿರ್ತಾನೆ. ಅದಕ್ಕೇ ಟೀಮ್ ಬದಲಾದ್ರೂ ಈ ಚಾಳಿ ಹುಡುಗನ ಜೊತೇನೇ ಹೋಗುತ್ತೆ ಅನ್ನೋದು ನಮ್ ಕಸುಬಿನವ್ರ ಲೆಕ್ಕಾಚಾರ.

ಟಿವಿಲಿ ಇದು ಕಾಣೋದೇ ಇಲ್ಲ, ಯಾಕಂದ್ರೆ ಕ್ಯಾಮೆರಾ ಬಾಲಿನ ಹಿಂದೆ ಓಡುತ್ತೆ, ಮುಂದೆ ಯಾವ ರಿಸೀವರ್ ಖಾಲಿ ನಿಂತಿದ್ದ ಅನ್ನೋದು ಫ್ರೇಮಿನ ಹೊರಗೇ ಉಳಿಯುತ್ತೆ. ಮೇಲಿಂದ ಇಪ್ಪತ್ತೆರಡು ಜನಾನೂ ಕಾಣೋ ಹಾಗೆ ತೆಗೆದ ಫಿಲ್ಮ್ ಬೇರೆ ಇರುತ್ತೆ, ಅದನ್ನ ನೋಡ್ಬೇಕು. ಅದ್ರಲ್ಲಿ ನಾನು ಹುಡುಗನ ತಲೆ ನೋಡ್ತೀನಿ. ಹೆಲ್ಮೆಟ್ ದೂರದ ರಿಸೀವರ್ ಕಡೆಯಿಂದ ಕೆಳಗೆ ಇಳಿದು, ನುಗ್ಗಿ ಬರ್ತಿರೋರ ಕಡೆ ತಿರುಗಿತು ಅಂದ್ರೆ ಆ ಪ್ಲೇ ಕಥೆ ಮುಗೀತು. ಹದಿನಾರು ವರ್ಷದ ಹುಡುಗಂಗೂ ಅಷ್ಟೇ, ಕೋಟಿಗಟ್ಟಲೆ ಡಾಲರ್ ತಗೊಳ್ಳೋನಿಗೂ ಅಷ್ಟೇ.

ಈ ಲೆಕ್ಕದಲ್ಲೇ ಕೇಲೆಬ್ ವಿಲಿಯಮ್ಸ್ ವಿಷ್ಯದಲ್ಲಿ ನಾನು ಎಡವಿದ್ದು. 2024ರಲ್ಲಿ ಅವನನ್ನ 68 ಸಲ ಕೆಡವಿದ್ರು. ಅರವತ್ತೆಂಟು! ಟೀಮು 5 ಗೆದ್ದು 12 ಸೋತಿತು, ಸೀಸನ್ ನಡುವೆನೇ ಅಫೆನ್ಸ್ ನೋಡ್ಕೊಳ್ಳೋ ಕೋಚ್ ಹೋದ, ಆಮೇಲೆ ಹೆಡ್ ಕೋಚೂ ಹೋದ. ಲೈನ್ ಕೆಟ್ಟದಾಗಿತ್ತು ನಿಜ, ಆದ್ರೆ ಫಿಲ್ಮಲ್ಲಿ ಇವನೂ ಬಾಲ್ ಹಿಡ್ಕೊಂಡು ಸುತ್ತಾಡ್ತಿದ್ದ, ಈ ಚಾಳಿ ಬಿಡಲ್ಲ ಇವನು ಅಂತ ನಾನು ಕೆಳಗೆ ಹಾಕಿ ಕೂತಿದ್ದೆ. 2025ರಲ್ಲಿ ಡೆಟ್ರಾಯ್ಟಿಂದ ಬೆನ್ ಜಾನ್ಸನ್ ಕೋಚಾಗಿ ಬಂದ, ಲೈನಿನ ನಡುವಿನ ಮೂರು ಜಾಗಕ್ಕೂ ಹೊಸಬ್ರನ್ನ ತಂದ್ರು, ಸ್ಯಾಕ್ 68ರಿಂದ 24ಕ್ಕೆ ಇಳೀತು. 3,942 ಯಾರ್ಡ್, ಶಿಕಾಗೋ ಟೀಮಿನ ಇತಿಹಾಸದಲ್ಲೇ ಒಂದು ಸೀಸನ್ನಿಗೆ ಅತಿ ಹೆಚ್ಚು. ಲೈನ್ ಒಂದರಿಂದಲೇ ಇಷ್ಟು ಇಳಿಯಲ್ಲ. ಹುಡುಗ ಎಲ್ಲಿ ಬಾಲ್ ಬಿಸಾಕ್ಬೇಕು ಅಂತ ಕಲ್ತಿದಾನೆ. ಹಾಗೆ ಬಿಸಾಕಿದ್ರಿಂದಲೇ ಗುರಿ ಮುಟ್ಟಿದ ಥ್ರೋ ನೂರಕ್ಕೆ 58 ಅಷ್ಟೇ, ಅದನ್ನ ನೋಡಿ ಬೈಯೋರು ಇದಾರೆ, ನಾನು ಬೈಯಲ್ಲ.

ಆದ್ರೂ ಅವನು ನನ್ನ ಲಿಸ್ಟಲ್ಲಿ ಎರಡನೇಯವ್ನು. ಯಾಕೆ ಅಂತ ಹೇಳೋಕೆ ಒಂದೇ ಪ್ಲೇ ಸಾಕು. 2026ರ ಜನವರಿ, ಪ್ಲೇಆಫ್, ಎದುರಿಗೆ ಲಾಸ್ ಏಂಜಲೀಸಿನ ರಾಮ್ಸ್ ಟೀಮು, ಹಿಮ ಬೀಳ್ತಿದೆ, ಉಳಿದಿರೋದು ಅರ್ಧ ನಿಮಿಷಕ್ಕೂ ಕಮ್ಮಿ, ಏಳು ಪಾಯಿಂಟ್ ಹಿಂದೆ, ಕೊನೇ ಡೌನ್. ಗೋಲಿಂದ 14 ಯಾರ್ಡಲ್ಲಿ ಶುರುವಾದ ಪ್ಲೇ, ಇವನು ಹಿಂದೆ ಹಿಂದೆ ಹಿಂದೆ ಓಡ್ತಾ ಇಪ್ಪತ್ತೈದು ಯಾರ್ಡಷ್ಟು ಹಿಂದಕ್ಕೆ ಹೋದ, ಎದುರಾಳಿ ಮೈಮೇಲೆ ಬರ್ತಿರೋವಾಗ್ಲೇ ಮೇಲಕ್ಕೆ ಎಸೆದ, ಅವನದೇ ಟೀಮಿನ ಕೋಲ್ ಕ್ಮೆಟ್ ಗೋಲ್ ಗೆರೆ ಆಚೆ ಹಿಡ್ದ. ಟಚ್‌ಡೌನ್. ನಾನು ಸೋಫಾದಿಂದ ಎದ್ದು ಕೂಗ್ಬಿಟ್ಟೆ, ಹೆಂಡ್ತಿ ಏನಾಯ್ತೋ ಅಂತ ಓಡಿ ಬಂದ್ಲು. ಓವರ್‌ಟೈಮಲ್ಲಿ ರಿಸೀವರ್ ಓಡಿದ್ದು ಒಂದು ಕಡೆ, ವಿಲಿಯಮ್ಸ್ ಎಸೆದಿದ್ದು ಇನ್ನೊಂದು ಕಡೆ, ಬಾಲ್ ಎದುರಾಳಿ ಕೈಗೆ ಹೋಯ್ತು, ರಾಮ್ಸ್ 20-17ಕ್ಕೆ ಗೆದ್ರು. ದೊಡ್ಡ ಥ್ರೋ ಸಿಕ್ಕಿದ್ದಕ್ಕಿಂತ ಮಾಮೂಲಿ ಥ್ರೋ ತಪ್ಪಿದ್ದೇ ನನ್ನಂಥವ್ರು ಬರ್ಕೊಳ್ಳೋದು.

ಮೊದಲನೇಯವ್ನು ಡ್ರೇಕ್ ಮೇ. 2025ರಲ್ಲಿ ಎಸೆದ ನೂರರಲ್ಲಿ 72 ಗುರಿ ಮುಟ್ಟಿದಾವೆ, 4,394 ಯಾರ್ಡ್, 31 ಟಚ್‌ಡೌನ್, 8 ಇಂಟರ್ಸೆಪ್ಶನ್ (ಎದುರಾಳಿ ಕೈಗೆ ಹೋದ ಥ್ರೋ), ಟೀಮು 14-3. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋ ಎಂವಿಪಿ ಕೂದಲೆಳೆಯಲ್ಲಿ ರಾಮ್ಸಿನ ಸ್ಟ್ಯಾಫರ್ಡ್ ಪಾಲಾಯ್ತು. ಹಾಗಿದ್ರೆ ಇವನಿಗೆ ಸ್ಯಾಕ್ ಕಮ್ಮಿನಾ ಅಂತ ಕೇಳ್ತೀರಿ, ಇಲ್ಲ, 47. ನನ್ ಲೆಕ್ಕಕ್ಕೆ ಸರಿಯಾಗಿ ಕೂರಲ್ಲ, ಒಪ್ಕೋತೀನಿ. ಆದ್ರೆ ಫಿಲ್ಮ್ ಹಾಕಿ ಅವನ ಹೆಲ್ಮೆಟ್ ನೋಡಿ, ಪಕ್ಕೆಗೆ ಯಾರೋ ಗುದ್ದೋಕೆ ಬರ್ತಿದ್ರೂ ಮೇಲೇ ಇರುತ್ತೆ, ಹೊಡೆತ ತಿನ್ನೋದು ಗ್ಯಾರಂಟಿ ಅಂತ ಗೊತ್ತಿದ್ದೂ ದೂರದ ಥ್ರೋಗೆ ಕಾಯ್ತಾನೆ, ಕಾದಿದ್ದಕ್ಕೆ ಥ್ರೋ ಸಿಗುತ್ತೆ. ಹೆದರಿ ಬಿದ್ದ ಸ್ಯಾಕ್ ಬೇರೆ, ವ್ಯಾಪಾರ ಮಾಡಿ ಬಿದ್ದ ಸ್ಯಾಕ್ ಬೇರೆ. ಪ್ಲೇಆಫಲ್ಲಿ ಆ ವ್ಯಾಪಾರ ಕೈಕೊಡ್ತು, ನಾಲ್ಕು ಮ್ಯಾಚಲ್ಲಿ 21 ಸಲ ಬಿದ್ದ, ಲೀಗಿನ ಫೈನಲ್ಲು ಸೂಪರ್ ಬೌಲಲ್ಲೇ 6. ಸಿಯಾಟಲ್ 29-13ಕ್ಕೆ ಗೆಲ್ತು. ಕಾವಲಿನ ಲೈನಲ್ಲಿ ಎಡಗಡೆ ಟ್ಯಾಕಲ್ ಜಾಗದಲ್ಲಿ ಮೊದಲ ವರ್ಷದ ಹುಡುಗ ಒದ್ದಾಡ್ತಿದ್ದ, ಅದೂ ಇತ್ತು.

ಜೇಡನ್ ಡೇನಿಯಲ್ಸ್‌ನ ಮೂರಕ್ಕೆ ಹಾಕೋಕೆ ಮನಸ್ಸೇ ಬರಲ್ಲ. ರೂಕಿ ವರ್ಷ, ಅಂದ್ರೆ ಲೀಗಲ್ಲಿ ಮೊದಲ ವರ್ಷ, 69% ಗುರಿ, ಅದರ ಮೇಲೆ ಓಡಿ 891 ಯಾರ್ಡ್, ರೂಕಿ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಅದೇ ದಾಖಲೆ. ಆದ್ರೆ ಓಡೋ ಹುಡುಗನ ಮೈ ತೆಳ್ಳಗಿದ್ರೆ ಏನಾಗುತ್ತೆ ಅಂತ 2025ರಲ್ಲಿ ನೋಡಿದ್ವಿ, ಏಳೇ ಮ್ಯಾಚ್ ಆಡಿದ್ದು. ನವೆಂಬರಲ್ಲಿ ಸಿಯಾಟಲ್ ಮೇಲೆ 38-7ರಿಂದ ಸೋಲ್ತಿದ್ರು, ಕೊನೇ ಕ್ವಾರ್ಟರ್, ಇವನು ಇನ್ನೂ ಮೈದಾನದಲ್ಲೇ, ಎಡಗೈ ಮೊಣಕೈ ಕೀಲು ತಪ್ಪಿತು. ಸೋತಿರೋ ಮ್ಯಾಚಲ್ಲಿ ಅವನನ್ನ ಯಾಕ್ರೀ ಇಟ್ಕೊಂಡಿದ್ರಿ ಅಂತ ಆ ರಾತ್ರಿ ಟಿವಿ ಮುಂದೆ ನಾನೂ ಕೂಗಿದ್ದೆ.

ಬೋ ನಿಕ್ಸ್‌ಗೆ ಸ್ಯಾಕ್ ಲೆಕ್ಕದಲ್ಲಿ ಫಸ್ಟ್ ಕ್ಲಾಸ್, ರೂಕಿ ವರ್ಷ 24 ಅಷ್ಟೇ, 29 ಟಚ್‌ಡೌನ್. ಬಾಲ್ ಬೇಗ ಬಿಡ್ತಾನೆ, ಕೆಲವು ಸಲ ತೀರಾ ಬೇಗ, ಒಂದು ಸೆಕೆಂಡ್ ತಡೆದಿದ್ರೆ ಹಿಂದೆ ಒಬ್ಬ ಖಾಲಿ ಸಿಗ್ತಿದ್ದ ಅನ್ನೋ ಪ್ಲೇಗಳು ಎಷ್ಟೋ. ಆದ್ರೆ 2026ರ ಜನವರಿ ಪ್ಲೇಆಫಲ್ಲಿ ಬಿಲ್ಸ್ ಟೀಮಿನ ಮೇಲೆ ಓವರ್‌ಟೈಮಲ್ಲಿ ಗೆದ್ದ ಮ್ಯಾಚಲ್ಲೇ ಅವನ ಪಾದದ ಕೀಲು ಮುರೀತು, ಮುಂದಿನ ವಾರ ಅವನಿಲ್ದೇ ಅವನ ಟೀಮು ಡೆನ್ವರ್ 10-7ರಲ್ಲಿ ಸೋತಿದ್ದು ನೋಡಿದ್ರೆ ಅವನ ಬೆಲೆ ಗೊತ್ತಾಗುತ್ತೆ.

ಸ್ಟ್ರೌಡ್ ನೋವಿನ ವಿಷ್ಯ. 2023ರಲ್ಲಿ ಇಡೀ ಸೀಸನ್ನಿಗೆ 5 ಇಂಟರ್ಸೆಪ್ಶನ್ ಎಸೆದವನು, 2026ರ ಜನವರಿಲಿ ನ್ಯೂ ಇಂಗ್ಲೆಂಡ್ ಮೇಲೆ ಮೊದಲರ್ಧದಲ್ಲೇ 4 ಎಸೆದ. ನಡುವೆ 2024ರಲ್ಲಿ 52 ಸ್ಯಾಕ್ ತಿಂದಿದ್ದ. ಒಂದು ವರ್ಷ ಸತತ ಏಟು ಬಿದ್ರೆ ಮುಂದಿನ ವರ್ಷ ಏಟು ಬರ್ದೇ ಇದ್ರೂ ಹೆಲ್ಮೆಟ್ ಕೆಳಗೆ ಇಳಿಯುತ್ತೆ, ನಮ್ ಹೈಸ್ಕೂಲಲ್ಲೂ ಇದನ್ನ ಕಣ್ಣಾರೆ ನೋಡಿದೀನಿ. ಬ್ರೈಸ್ ಯಂಗ್‌ಗೂ ಮೊದಲ ವರ್ಷ 62 ಸ್ಯಾಕ್, ಆಮೇಲೆ ಬೆಂಚು, ಈಗ ಮೆಲ್ಲಗೆ ಎದ್ದು ಕೂತಿದಾನೆ. ಪೆನಿಕ್ಸ್, ಮೆಕಾರ್ಥಿ ಇಬ್ರೂ ಗಾಯ ಆಗಿ ಎಷ್ಟೋ ಮ್ಯಾಚ್ ಹೊರಗೇ ಕೂತಿದ್ರು, ಅವ್ರಿಗೆ ನಂಬರ್ ಕೊಡಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ನೆನಪಿಸ್ಬೇಕು, ಮೇ ಎದುರು ಆ ಸೂಪರ್ ಬೌಲ್ ಗೆದ್ದವನು ಸಿಯಾಟಲ್ಲಿನ ಸ್ಯಾಮ್ ಡಾರ್ನಾಲ್ಡ್. 2018ರ ಮೂರನೇ ಆಯ್ಕೆ, ನ್ಯೂಯಾರ್ಕ್ ಟೀಮಲ್ಲಿದ್ದಾಗ 2019ರಲ್ಲಿ ಇದೇ ನ್ಯೂ ಇಂಗ್ಲೆಂಡ್ ಮೇಲೆ 33-0ರಲ್ಲಿ ಸೋತ ಮ್ಯಾಚಲ್ಲಿ ನಂಗೆ ದೆವ್ವ ಕಾಣಿಸ್ತಿದೆ ಅಂತ ಅಂದಿದ್ದು ಮೈಕಲ್ಲಿ ಸಿಕ್ಕಿತ್ತು, ದೇಶವೆಲ್ಲ ನಕ್ಕಿತ್ತು. ಅವತ್ತು ಯಾರಾದ್ರೂ ಲಿಸ್ಟ್ ಕೇಳಿದ್ರೆ ನಾನೂ ಅವನ ಹೆಸರು ಬರೀತಿರ್ಲಿಲ್ಲ.

ಕ್ಮೆಟ್‌ಗೆ ಎಸೆದ ಆ ಪ್ಲೇನ ನಮ್ ಹುಡುಗ್ರಿಗೆ ತೋರಿಸ್ದೆ. ಹಿಂದಕ್ಕೆ ಓಡಿದ ಜಾಗದಲ್ಲಿ ನಿಲ್ಸಿ, ನೋಡ್ರೋ, ಇಲ್ಲಿ ಇವನು ಮಾಡಿದ್ದು ಒಂದನ್ನೂ ನೀವು ಮಾಡ್ಬಾರ್ದು ಅಂದೆ. ನಮ್ ಕ್ವಾರ್ಟರ್‌ಬ್ಯಾಕ್, ಹತ್ತನೇ ಕ್ಲಾಸಿನ ಹುಡುಗ, ಕೈ ಎತ್ತಿದ.

"ಆದ್ರೆ ಕೋಚ್, ಟಚ್‌ಡೌನ್ ಆಯ್ತಲ್ವಾ?"

ವಿಡಿಯೋ ಮುಂದಕ್ಕೆ ಓಡಿಸ್ದೆ, ಓವರ್‌ಟೈಮಿಗೆ. ಅಷ್ಟರಲ್ಲಿ ಹಿಂದಿನ ಸಾಲಿನವ್ರು ಒಟ್ಟಿಗೆ ಕೂಗಿದ್ರು, ಅದನ್ನೇ ಇನ್ನೊಂದ್ಸಲ ಹಾಕಿ ಕೋಚ್. ಹಾಕ್ದೆ.