ಹದಿನಾಲ್ಕರ ಬಾಯಲ್ಲಿ 250 ಹೆಸರು

ಮಾನಸಿಕ ಕಾಯಿಲೆ ಇರುವವರನ್ನು ಏನೆಂದು ಕರೆಯುತ್ತೀರಿ? ಇಂಗ್ಲೆಂಡಿನಲ್ಲಿ 14 ವರ್ಷದ 472 ಶಾಲಾ ಮಕ್ಕಳಿಗೆ ಸಂಶೋಧಕರು ಹೆಚ್ಚುಕಡಿಮೆ ಇದೇ ಪ್ರಶ್ನೆ ಹಾಕಿದ್ದರು. 400 ಮಕ್ಕಳು ಉತ್ತರ ಬರೆದರು. ಒಟ್ಟು ಮಾಡಿದಾಗ ಸಿಕ್ಕಿದ್ದು 250 ಹೆಸರು. 2007ರಲ್ಲಿ ಪ್ರಕಟವಾದ ಆ ಪಟ್ಟಿಯಲ್ಲಿ ಅರ್ಧದಷ್ಟು ನಮ್ಮ ‘ಹುಚ್ಚ’, ‘ಮೆಂಟಲ್’ ಜಾತಿಯ ಬೈಗುಳ. ಕೆಲವರು ಅಂಗವೈಕಲ್ಯವನ್ನೂ ಇದಕ್ಕೇ ಸೇರಿಸಿಬಿಟ್ಟಿದ್ದರು. ಕಾಯಿಲೆಯ ನಿಜವಾದ ಹೆಸರುಗಳು ತೀರ ಕಡಿಮೆ.

14 ಅನ್ನುವ ವಯಸ್ಸೂ ಸಾಮಾನ್ಯದ್ದಲ್ಲ. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮಾನಸಿಕ ತೊಂದರೆಗಳಲ್ಲಿ ಅರ್ಧದಷ್ಟು ಆ ವಯಸ್ಸಿನೊಳಗೇ ಶುರುವಾಗುತ್ತವೆ ಎಂದು ಅಮೆರಿಕದ ದೊಡ್ಡ ಸಮೀಕ್ಷೆಯೊಂದು 2005ರಲ್ಲಿ ಹೇಳಿತ್ತು. ಅಂದರೆ ಬೈಯುವವನೂ ನಿದ್ದೆಗೆಟ್ಟು ಒಳಗೊಳಗೇ ಹೆದರುತ್ತಿರುವವನೂ ಒಂದೇ ಬೆಂಚಿನಲ್ಲಿರಬಹುದು. ಇಬ್ಬರೂ ಒಬ್ಬನೇ ಆಗಿರಲೂಬಹುದು.

ಈ ಕಳಂಕವನ್ನು ತೊಳೆಯುವ ಪ್ರಯತ್ನ ಮೊದಲು ನಡೆದದ್ದು ದೊಡ್ಡವರ ಮೇಲೆ. 1951ರಲ್ಲಿ ಕೆನಡಾದ ಒಂದು ಸಣ್ಣ ಊರಿನಲ್ಲಿ ಜಾನ್ ಮತ್ತು ಎಲೇನ್ ಕಮ್ಮಿಂಗ್ ಎಂಬ ಸಂಶೋಧಕ ದಂಪತಿ ತಿಂಗಳುಗಟ್ಟಲೆ ಸಿನಿಮಾ ತೋರಿಸಿದರು, ಚರ್ಚೆ ಏರ್ಪಡಿಸಿದರು. ‘ಸರಿಯಿದ್ದವರಿಗೂ ಕಾಯಿಲೆಯವರಿಗೂ ನಡುವೆ ಗೋಡೆಯೇನಿಲ್ಲ’ ಎಂಬುದು ಅವರ ಪಾಠ. ಊರಿಗೆ ಕಸಿವಿಸಿಯಾದದ್ದು ಇದೇ ಮಾತಿನಿಂದ. ಕೊನೆಕೊನೆಗೆ ಜನ ಆ ತಂಡದಿಂದಲೇ ದೂರ ಸರಿದರು. ಧೋರಣೆ ಮಾತ್ರ ಇದ್ದಲ್ಲೇ ಇತ್ತು.

ಬರೀ ಹೇಳಿದರೆ ಸಾಲದು, ದೂರವಿಟ್ಟವರನ್ನೂ ದೂರವಿಡುವವರನ್ನೂ ಮುಖಾಮುಖಿ ಮಾಡಿಸಬೇಕು ಎಂಬ ವಾದಕ್ಕೆ 1954ರಲ್ಲಿ ಮನಃಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ ಬುನಾದಿ ಹಾಕಿದರು. ಅವರ ಚಿಂತೆ ಜನಾಂಗೀಯ ಪೂರ್ವಗ್ರಹದ್ದು. ಅದೇ ಮದ್ದು ಮಾನಸಿಕ ಕಾಯಿಲೆಯ ಕಳಂಕಕ್ಕೂ ಬಂತು. ವಿಶ್ವ ಮನೋವೈದ್ಯಕೀಯ ಸಂಘ 1996ರಲ್ಲಿ ಸ್ಕಿಜೋಫ್ರೇನಿಯಾದ (ಇಲ್ಲದ ದನಿ ಕೇಳಿಸುವಂಥ ತೀವ್ರ ಮಾನಸಿಕ ಕಾಯಿಲೆ) ಕಳಂಕದ ವಿರುದ್ಧ ಅಭಿಯಾನ ಶುರು ಮಾಡಿತು. ಮುಂದೆ ಕಾಯಿಲೆ ಅನುಭವಿಸಿದವರೇ ತರಗತಿಯಲ್ಲಿ ನಿಂತು, ಕಿವಿಯಲ್ಲಿ ದನಿ ಕೇಳಿಸತೊಡಗಿದ ದಿನದಿಂದ ಕೆಲಸಕ್ಕೆ ಮರಳಿದ ದಿನದವರೆಗೂ ಹೇಳಿಕೊಳ್ಳುವ ಕಾರ್ಯಕ್ರಮಗಳು ಹಲವು ದೇಶಗಳಿಗೆ ಹಬ್ಬಿದವು.

2012ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಪ್ಯಾಟ್ರಿಕ್ ಕಾರಿಗನ್ ಮತ್ತು ಸಂಗಡಿಗರು ಇಂಥ ಪ್ರಯತ್ನಗಳ ಕುರಿತ 14 ದೇಶಗಳ 79 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದರು. ದೊಡ್ಡವರಲ್ಲಿ ಮುಖಾಮುಖಿಯೇ ಮೇಲು. ಹದಿಹರೆಯದವರಲ್ಲಿ ಉಲ್ಟಾ: ಎರಡರಿಂದಲೂ ಪ್ರಯೋಜನವಿದೆ, ಆದರೆ ಪಾಠವೇ ಒಂದು ಕೈ ಮುಂದು! ಮಕ್ಕಳ ನಂಬಿಕೆ ಇನ್ನೂ ಗಟ್ಟಿಯಾಗಿರುವುದಿಲ್ಲ, ಅದಕ್ಕೇ ಪಾಠ ನಾಟುತ್ತದೆ ಎಂಬ ವಿವರಣೆ ನನಗೆ ಒಪ್ಪಿಗೆಯೇ. ಆದರೆ ಎಂಥ ಪಾಠ? ‘ಇದು ಮಿದುಳಿನ ಕಾಯಿಲೆ’ ಎಂದು ಹೇಳಿಕೊಟ್ಟರೆ ಜನ ರೋಗಿಯನ್ನು ದೂರುವುದು ಕಡಿಮೆಯಾಗಬಹುದು. ಪಕ್ಕದಲ್ಲಿ ಕೂರಲು ಹಿಂಜರಿಯುವುದು ಅಷ್ಟರಿಂದ ನಿಲ್ಲುವುದಿಲ್ಲ. ಗುಣಮುಖವಾಗುವ ದಾರಿಯನ್ನು ಬಿಟ್ಟು ಬರೀ ಮಿದುಳಿನ ಚಿತ್ರ ಬಿಡಿಸುವ ಪಾಠ ಅರ್ಧ ಪಾಠವೇ.

ಇನ್ನು ಅಳತೆಯ ವಿಷಯ. ಬಹುತೇಕ ಅಧ್ಯಯನಗಳು ಮಕ್ಕಳ ಕೈಗೆ ಪ್ರಶ್ನಾವಳಿ ಕೊಡುವುದು ಪಾಠ ಮುಗಿದ ಕೂಡಲೇ ಅಥವಾ ಕೆಲವು ವಾರಗಳೊಳಗೆ. ಆಸ್ಪತ್ರೆಗೆ ಸೇರಿದ್ದ ಗೆಳತಿ ಎರಡು ತಿಂಗಳ ಬಳಿಕ ತರಗತಿಗೆ ಮರಳಿದಾಗ ಪಕ್ಕದ ಜಾಗ ಖಾಲಿ ಉಳಿಯಿತೇ ಎಂಬುದು ಆ ಹಾಳೆಯಲ್ಲಿ ಬರುವುದಿಲ್ಲ.