1950ರ ವಿಶ್ವಕಪ್: ಕಾರಣ ಬೂಟಿನಲ್ಲಿರಲಿಲ್ಲ

ಭಾರತ ಫುಟ್‌ಬಾಲ್ ತಂಡದ ಹಳೆಯ ಪಂದ್ಯಗಳ ವಿವರಗಳನ್ನು ಕಲೆಹಾಕಿ, ಒಂದು ದಾಖಲೆಯನ್ನು ಮತ್ತೊಂದರೊಡನೆ ತಾಳೆ ನೋಡಿ ಒಪ್ಪ ಮಾಡುವುದು ನನ್ನ ಕಸುಬು. ಪತ್ರಿಕೆಗಳ ಕ್ರೀಡಾ ವಿಭಾಗದವರು, ರಸಪ್ರಶ್ನೆ ಸಿದ್ಧಪಡಿಸುವ ಉಪನ್ಯಾಸಕರು, ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಕೈಪಿಡಿ ಬರೆಯುವವರು ಆಗಾಗ ಸಂಪರ್ಕಿಸುತ್ತಾರೆ. ವಿಶ್ವಕಪ್ ಹತ್ತಿರವಾದಂತೆ ಕರೆಗಳು ಹೆಚ್ಚಾಗುತ್ತವೆ, ಮತ್ತು ಅವುಗಳಲ್ಲಿ ಬಹುಪಾಲು ಒಂದೇ ವಾಕ್ಯಕ್ಕೆ ನನ್ನ ಒಪ್ಪಿಗೆಯ ಮುದ್ರೆ ಬೇಡುತ್ತವೆ: ಬರಿಗಾಲಿನಲ್ಲಿ ಆಡಲು ಫಿಫಾ ಅನುಮತಿ ಕೊಡದಿದ್ದುದರಿಂದ ಭಾರತ 1950ರ ವಿಶ್ವಕಪ್‌ನಲ್ಲಿ ಆಡಲಿಲ್ಲ, ಸರಿ ತಾನೇ? ಸರಿಯಲ್ಲ ಎಂದು ನಾನು ಹೇಳುತ್ತೇನೆ. ಅವರು ಸೌಜನ್ಯದಿಂದ ಕೇಳಿಸಿಕೊಳ್ಳುತ್ತಾರೆ. ಮುಂದಿನ ವಾರ ಅದೇ ವಾಕ್ಯ ಅಚ್ಚಾಗಿರುತ್ತದೆ.

ನನಗೆ ಇದರಿಂದ ಬೇಸರವಾಗುವುದು ಒಂದು ಸಣ್ಣ ವಿವರ ತಪ್ಪಾಯಿತೆಂಬ ಕಾರಣಕ್ಕಲ್ಲ. ಗೋಲು ಹೊಡೆದ ನಿಮಿಷ ತಪ್ಪಾದರೆ, ಹೆಸರಿನ ಕಾಗುಣಿತ ತಪ್ಪಾದರೆ ತಿದ್ದಬಹುದು, ಅದರಿಂದ ಯಾರ ತಿಳಿವಳಿಕೆಯೂ ಕೆಡುವುದಿಲ್ಲ. ಆದರೆ ಈ ಒಂದು ಕಥೆ ನಮ್ಮ ತಂಡದ ಇತಿಹಾಸವನ್ನೇ ತಲೆಕೆಳಗು ಮಾಡುತ್ತದೆ. ಕೆಲವರು ಕುಳಿತು ಕೈಗೊಂಡ ಒಂದು ನಿರ್ಧಾರವನ್ನು ಬಡತನದ ಮೇಲೋ ಪರದೇಶದ ನಿಯಮದ ಮೇಲೋ ಹೊರಿಸಿ ಕೈತೊಳೆದುಕೊಳ್ಳಲು ಅದು ಅವಕಾಶ ಕೊಡುತ್ತದೆ.

ಮೊದಲು ಭಾರತಕ್ಕೆ ಆ ಸ್ಥಾನ ಸಿಕ್ಕಿದ್ದು ಹೇಗೆಂದು ನೋಡಬೇಕು. ಅರ್ಹತಾ ಸುತ್ತಿನಲ್ಲಿ ಬರ್ಮಾ, ಇಂಡೊನೇಷ್ಯಾ ಮತ್ತು ಫಿಲಿಪ್ಪೀನ್ಸ್ ತಂಡಗಳೊಡನೆ ಭಾರತವನ್ನು ಒಂದೇ ಗುಂಪಿನಲ್ಲಿ ಇರಿಸಲಾಗಿತ್ತು. ಆ ಮೂರೂ ತಂಡಗಳು ಹಿಂದೆ ಸರಿದವು. ಹೀಗಾಗಿ ಒಂದೂ ಪಂದ್ಯ ಆಡದೆ ಭಾರತ ಬ್ರೆಜಿಲ್‌ಗೆ ಅರ್ಹತೆ ಪಡೆಯಿತು, ಸ್ವೀಡನ್, ಇಟಲಿ ಮತ್ತು ಪರಾಗ್ವೆ ಇದ್ದ ಮೂರನೆಯ ಗುಂಪು ಸೇರಿತು. ನಮ್ಮವರು ಏಷ್ಯಾದ ತಂಡಗಳನ್ನೆಲ್ಲ ಸೋಲಿಸಿ ಆ ಹಂತ ತಲುಪಿದರೆಂದು ಬರೆಯುವವರೂ ಇದ್ದಾರೆ, ಅದನ್ನೂ ಇಲ್ಲಿಯೇ ಕೈಬಿಡುವುದು ಒಳ್ಳೆಯದು.

ಪಂದ್ಯಾವಳಿ ಸಮೀಪಿಸಿದಾಗ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ತಂಡವನ್ನು ಕಳುಹಿಸುವುದಿಲ್ಲವೆಂದು ತಿಳಿಸಿತು. ಅದು ಮುಂದಿಟ್ಟ ಕಾರಣಗಳು ತಂಡದ ಆಯ್ಕೆಯಲ್ಲಿನ ಭಿನ್ನಾಭಿಪ್ರಾಯ ಮತ್ತು ಅಭ್ಯಾಸಕ್ಕೆ ಸಮಯ ಸಾಲದಿರುವುದು. ದೂರದ ಪ್ರಯಾಣ ಮತ್ತು ಖರ್ಚಿನ ಮಾತೂ ಇತ್ತು, ಆದರೆ ವೆಚ್ಚದ ದೊಡ್ಡ ಪಾಲನ್ನು ಭರಿಸಲು ಆತಿಥೇಯ ಬ್ರೆಜಿಲ್ ಮುಂದೆ ಬಂದಿತ್ತು. ಈ ಪಟ್ಟಿಯಲ್ಲಿ ಬೂಟು ಇಲ್ಲ. ಆ ಪೀಳಿಗೆಯ ಪ್ರಮುಖ ರಕ್ಷಣಾ ಆಟಗಾರ ಶೈಲೇನ್ ಮನ್ನಾ ಅವರೂ ತಮ್ಮ ಇಳಿವಯಸ್ಸಿನಲ್ಲಿ ಈ ಕುರಿತು ಮಾತನಾಡಿದ್ದರು. ವಿಶ್ವಕಪ್ ಎಂದರೆ ಏನೆಂಬುದರ ಅರಿವೇ ತಮಗೆ ಅಂದು ಸರಿಯಾಗಿರಲಿಲ್ಲ, ಒಲಿಂಪಿಕ್ಸೇ ಸರ್ವಸ್ವವಾಗಿತ್ತು ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು. ಅಂದಿನ ವಿಶ್ವಕಪ್ ಇಂದಿನ ವಿಶ್ವಕಪ್ ಆಗಿರಲಿಲ್ಲ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಅದು ಕೇವಲ ನಾಲ್ಕನೆಯ ಪಂದ್ಯಾವಳಿ, ಯುದ್ಧದ ಕಾರಣದಿಂದ 12 ವರ್ಷಗಳ ಅಂತರದ ಬಳಿಕ ನಡೆಯುತ್ತಿದ್ದುದು. ಅದಕ್ಕೂ ಮುನ್ನ ಅಲ್ಲಿ ಆಡಿದ್ದ ಏಷ್ಯಾದ ಏಕೈಕ ತಂಡವೆಂದರೆ 1938ರ ಡಚ್ ಈಸ್ಟ್ ಇಂಡೀಸ್.

ಇಷ್ಟು ಹೇಳಿದ ಮೇಲೂ ಕೇಳುವವರ ಮನಸ್ಸಿನಿಂದ ಬೂಟು ಇಳಿಯುವುದಿಲ್ಲ. ಫಿಫಾದಲ್ಲಿ ಅಂತಹ ನಿಯಮ ಇತ್ತಲ್ಲವೇ ಎಂದು ಮತ್ತೆ ಕೇಳುತ್ತಾರೆ. ನಿಯಮ ಇತ್ತೆಂದೇ ಇಟ್ಟುಕೊಳ್ಳೋಣ. ಒಂದು ನಿಯಮ ಇರುವುದು ಬೇರೆ, ಅದರ ಕಾರಣದಿಂದಲೇ ಒಂದು ನಿರ್ಧಾರ ಆಗುವುದು ಬೇರೆ. ಎರಡನೆಯದನ್ನು ಒಪ್ಪಬೇಕಾದರೆ ನಿರ್ಧಾರ ಮಾಡಿದವರು ಅದನ್ನು ಕಾರಣವೆಂದು ಹೇಳಿರಬೇಕು, ಇಲ್ಲವೇ ಮುಂದಿನ ಘಟನೆಗಳು ಆ ಕಾರಣಕ್ಕೆ ಹೊಂದಿಕೊಳ್ಳಬೇಕು. ಫೆಡರೇಷನ್ ಹಾಗೆ ಹೇಳಲಿಲ್ಲವೆಂಬುದನ್ನು ನೋಡಿದೆವು. ಇನ್ನು ಹಿಂದುಮುಂದಿನ ಘಟನೆಗಳು.

1948ರ ಜುಲೈ 31ರಂದು, ಲಂಡನ್ ಒಲಿಂಪಿಕ್ಸ್‌ನಲ್ಲಿ, ಇಲ್ಫರ್ಡ್‌ನ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ ಸ್ವತಂತ್ರ ಭಾರತದ ತಂಡ ಫ್ರಾನ್ಸ್ ವಿರುದ್ಧ ಆಡಿತು. ನಾಯಕರು ನಾಗಾ ಬೆಟ್ಟಗಳಿಂದ ಬಂದು ಕಲ್ಕತ್ತೆಯಲ್ಲಿ ವೈದ್ಯಶಿಕ್ಷಣ ಪಡೆದ ತಲಿಮೆರೆನ್ ಆವ್. ಆಟಗಾರರಲ್ಲಿ ಬಹುತೇಕರು ಬರಿಗಾಲಿನಲ್ಲಿದ್ದರು, ಕೆಲವರು ಬೂಟು ಧರಿಸಿದ್ದರು. ಭಾರತ 1-2ರಿಂದ ಸೋತಿತು. ಫ್ರಾನ್ಸ್‌ನ ಗೆಲುವಿನ ಗೋಲು ಬಂದದ್ದು ಆಟ ಮುಗಿಯುವ ಹೊತ್ತಿಗೆ, ಮತ್ತು ಅಂದು ಎರಡು ಪೆನಾಲ್ಟಿ ಅವಕಾಶಗಳನ್ನು ನಮ್ಮವರು ಕಳೆದುಕೊಂಡಿದ್ದರು. ಭಾರತದ ಆ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಫುಟ್‌ಬಾಲ್ ಗೋಲು ಮೈಸೂರು ರಾಜ್ಯದ ಆಟಗಾರನದೆಂಬುದು ನಮ್ಮ ಕೈಪಿಡಿಗಳಲ್ಲಿ ಅಪರೂಪಕ್ಕೆ ಕಾಣುತ್ತದೆ, ಬೂಟಿನ ಕಥೆ ಮಾತ್ರ ಪ್ರತಿಯೊಂದರಲ್ಲೂ ಇರುತ್ತದೆ. ಇದು ನನ್ನನ್ನು ನಿಜಕ್ಕೂ ನೋಯಿಸುತ್ತದೆ.

ವಿಶ್ವಕಪ್ ಮುಗಿದು ಒಂದು ವರ್ಷವೂ ಆಗುವ ಮುನ್ನ, 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆಯಿತು. ಇಂಡೊನೇಷ್ಯಾ ಮತ್ತು ಅಫ್ಘಾನಿಸ್ತಾನ ತಂಡಗಳನ್ನು ತಲಾ 3-0ಯಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಗೋಲಿನಿಂದ ಇರಾನ್ ವಿರುದ್ಧ 1-0 ಗೆದ್ದು ಭಾರತ ಚಿನ್ನ ಪಡೆಯಿತು. ಮರುವರ್ಷ, 1952ರ ಜುಲೈ 15ರಂದು, ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ವಿರುದ್ಧ 1-10ರ ಸೋಲು. ಆ ಚಳಿಯ ನಾಡಿನಲ್ಲಿಯೂ ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿಯೇ ಆಡಿದರು, ಯಾರೂ ತಡೆಯಲಿಲ್ಲ. ಬ್ರಾಂಕೊ ಝೆಬೆಕ್ ಒಬ್ಬರೇ ನಾಲ್ಕು ಗೋಲು ಹೊಡೆದರು. ನಮ್ಮ ಒಂದು ಗೋಲು ಬೆಂಗಳೂರಿನಲ್ಲಿ ಹುಟ್ಟಿ, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್‌ನ ಪ್ರಸಿದ್ಧ ಪಂಚ ಪಾಂಡವರಲ್ಲಿ ಒಬ್ಬರೆನಿಸಿದ ಅಹಮದ್ ಖಾನ್ ಅವರದು. ಈ ಸೋಲನ್ನೂ ಬರಿಗಾಲಿನ ಲೆಕ್ಕಕ್ಕೆ ಪೂರ್ತಿಯಾಗಿ ಬರೆಯುವುದು ನ್ಯಾಯವಲ್ಲ. ಆ ಯುಗೊಸ್ಲಾವಿಯ ಮುಂದಿನ ಸುತ್ತಿನಲ್ಲಿ ಸೋವಿಯತ್ ಒಕ್ಕೂಟದೊಡನೆ 5-5ರ ಸಮಬಲ ಸಾಧಿಸಿ, ಮರುಪಂದ್ಯ ಗೆದ್ದು, ಕೊನೆಗೆ ಬೆಳ್ಳಿ ಪದಕ ಪಡೆದ ತಂಡ. ಏನೇ ಇರಲಿ, ಹೆಲ್ಸಿಂಕಿಯ ಬಳಿಕ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು.

ಈಗ ಮುಖ್ಯವಾದ ಮಾತಿಗೆ ಬರುತ್ತೇನೆ, ದಯವಿಟ್ಟು ಇದನ್ನು ನಿಧಾನವಾಗಿ ಓದಬೇಕೆಂದು ಕೋರುತ್ತೇನೆ. ವಿಶ್ವಕಪ್‌ಗೂ ಭಾರತಕ್ಕೂ ನಡುವೆ ನಿಂತಿದ್ದುದು ಬೂಟೊಂದೇ ಆಗಿದ್ದರೆ, ಬೂಟು ಬಂದ ಮೇಲೆ ಆ ಅಡ್ಡಿ ನಿವಾರಣೆಯಾಗಬೇಕಿತ್ತು. ಆಗಲಿಲ್ಲ. 1954ರ ಪಂದ್ಯಾವಳಿಗೆ ಭಾರತ ಹೆಸರು ಕೊಟ್ಟಿತಾದರೂ ಆ ಪ್ರವೇಶವನ್ನು ಫಿಫಾ ಅಂಗೀಕರಿಸಲಿಲ್ಲ. ಅಲ್ಲಿಂದ ಮುಂದೆ 1958, 1962, 1966, 1970 ಹೀಗೆ ಪಂದ್ಯಾವಳಿಗಳು ಬಂದು ಹೋದವು, ನಮ್ಮ ತಂಡ ಒಂದಾದರೂ ಅರ್ಹತಾ ಪಂದ್ಯ ಆಡಲಿಲ್ಲ. ಭಾರತ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಮೊದಲ ಬಾರಿ ಕಣಕ್ಕಿಳಿದದ್ದು 1985ರಲ್ಲಿ, ಇಂಡೊನೇಷ್ಯಾ, ಥಾಯ್ಲೆಂಡ್ ಮತ್ತು ಬಾಂಗ್ಲಾದೇಶ ಇದ್ದ ಗುಂಪಿನಲ್ಲಿ. ಕೈಗೆ ಬಂದ ಅವಕಾಶವನ್ನು ಬಿಟ್ಟುಕೊಟ್ಟಾಗಿನಿಂದ ಮೊದಲ ಅರ್ಹತಾ ಪಂದ್ಯದವರೆಗೆ 35 ವರ್ಷಗಳು. ಈ 35 ವರ್ಷಗಳನ್ನು ಬೂಟಿನ ಕಥೆ ವಿವರಿಸಲಾರದು. ವಿಶ್ವಕಪ್ ನಮ್ಮ ಆಡಳಿತಗಾರರಿಗೆ ಮುಖ್ಯವೆನಿಸಲಿಲ್ಲ ಎಂಬುದು ವಿವರಿಸಬಲ್ಲದು. ಇದು ನನ್ನ ತೀರ್ಮಾನ. ವೃತ್ತಿಪರರೊಡನೆ ಆಡಿದರೆ ಒಲಿಂಪಿಕ್ಸ್‌ಗೆ ಬೇಕಾದ ಹವ್ಯಾಸಿ ಪಟ್ಟ ಹೋದೀತೆಂಬ ಅಂಜಿಕೆಯೂ ಇದ್ದಿರಬಹುದೆಂದು ಕೆಲವರು ವಾದಿಸುತ್ತಾರೆ, ಅದನ್ನು ಸಾಧ್ಯತೆಯೆಂದಷ್ಟೇ ನಾನು ಒಪ್ಪುತ್ತೇನೆ.

ಆ ಅವಧಿಯಲ್ಲಿ ತಂಡ ದುರ್ಬಲವಾಗಿತ್ತೆಂದು ಯಾರಾದರೂ ಸಮಾಧಾನ ಹೇಳಿಕೊಳ್ಳುವಂತೆಯೂ ಇಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಅವರ ತರಬೇತಿಯಲ್ಲಿ ಭಾರತ ಏಷ್ಯಾದ ಅಗ್ರ ತಂಡಗಳಲ್ಲಿ ಒಂದಾಗಿತ್ತು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಮಣಿಸಿದ ಪಂದ್ಯದಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಸಾಧಿಸಿದರು. ಒಲಿಂಪಿಕ್ ಫುಟ್‌ಬಾಲ್‌ನಲ್ಲಿ ಸೆಮಿಫೈನಲ್ ತಲುಪಿದ ಮೊದಲ ಏಷ್ಯನ್ ತಂಡ ನಮ್ಮದಾಯಿತು, ನಾಲ್ಕನೆಯ ಸ್ಥಾನ ಪಡೆಯಿತು. ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದರು. 1960ರಲ್ಲಿ ರೋಮ್‌ನಲ್ಲಿ ಹಂಗೇರಿಗೆ 1-2ರಿಂದ ಸೋತರೂ ಅದೇ ಫ್ರಾನ್ಸ್‌ನೊಡನೆ 1-1ರ ಸಮಬಲ ಸಾಧ್ಯವಾಯಿತು, ಗೋಲು ಪಿ.ಕೆ. ಬ್ಯಾನರ್ಜಿ ಅವರದು.

ಇನ್ನು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟ. ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ಪ್ರವೇಶ ನಿರಾಕರಿಸಿದ್ದನ್ನು ಭಾರತದ ಹಿರಿಯ ಕ್ರೀಡಾಡಳಿತಗಾರ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಅಲ್ಲಿನ ಜನ ಭಾರತದ ಮೇಲೆ ಸಿಟ್ಟಾಗಿದ್ದರು. ಸೆಪ್ಟೆಂಬರ್ 4ರ ಅಂತಿಮ ಪಂದ್ಯದಲ್ಲಿ ಇಡೀ ಕ್ರೀಡಾಂಗಣ ನಮ್ಮ ತಂಡದ ವಿರುದ್ಧ ಕೂಗುತ್ತಿತ್ತು. ಚುನಿ ಗೋಸ್ವಾಮಿ ನಾಯಕತ್ವದ ತಂಡ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿತು. ಗೋಲು ಹೊಡೆದವರು ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಸಿಂಗ್. ಜರ್ನೈಲ್ ಮೂಲತಃ ರಕ್ಷಣಾ ಆಟಗಾರ. ಅದೇ ಕೂಟದಲ್ಲಿ ತಲೆಗೆ ಪೆಟ್ಟಾಗಿದ್ದ ಅವರನ್ನು ರಹೀಮ್ ಮುನ್ನಡೆಯಲ್ಲಿ ಆಡಿಸಿದ್ದರು. ಆಗಲೇ ಕ್ಯಾನ್ಸರ್ ಪೀಡಿತರಾಗಿದ್ದ ರಹೀಮ್ ಮರುವರ್ಷ ತೀರಿಕೊಂಡರು. ಬೆಂಗಳೂರಿನ ಅರುಮೈನಾಯಗಂ ಕೂಡ ಆ ತಂಡದಲ್ಲಿದ್ದರು ಎಂದು ನಾನು ಕೇಳದವರಿಗೂ ಹೇಳುತ್ತೇನೆ. ಇಂತಹ ತಂಡವೊಂದು 1962ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಇರಲೇ ಇಲ್ಲ. ಏಕೆ ಇರಲಿಲ್ಲವೆಂದು ಇಂದಿನವರೆಗೆ ಒಬ್ಬ ವರದಿಗಾರರೂ ನನ್ನನ್ನು ಕೇಳಿಲ್ಲ, ಏಕೆಂದರೆ 1950ರ ಸಿದ್ಧ ಉತ್ತರ ಎಲ್ಲ ಪ್ರಶ್ನೆಗಳನ್ನೂ ಮುಚ್ಚಿಹಾಕಿದೆ.

ಬರಿಗಾಲಿನ ಬಗ್ಗೆ ಒಂದು ಮಾತು. ನಮ್ಮವರಿಗೆ ಬೂಟು ಕೊಳ್ಳಲು ಹಣವಿರಲಿಲ್ಲ ಎಂಬ ಕರುಣೆಯ ಧ್ವನಿ ಈ ಕಥೆಯೊಡನೆ ಸದಾ ಇರುತ್ತದೆ. ಬೆಂಗಳೂರಿನ ಲೀಗ್ ಪಂದ್ಯಗಳಲ್ಲಿ ಆಡಿದ್ದ ವಯೋವೃದ್ಧರೊಬ್ಬರನ್ನು ಹಿಂದೊಮ್ಮೆ ಅವರ ಮನೆಯಲ್ಲಿ ಭೇಟಿಯಾಗಿದ್ದೆ. ಬರಿಗಾಲಿನಲ್ಲಿ ಆಡುವ ಮುನ್ನ ಪಾದದ ನಡುಭಾಗ ಮತ್ತು ಹರಡಿಗೆ ಬಟ್ಟೆಯ ಪಟ್ಟಿಯನ್ನು ಹೇಗೆ ಸುತ್ತುತ್ತಿದ್ದರೆಂದು ತಮ್ಮ ಕಾಲಿಗೇ ಸುತ್ತಿ ತೋರಿಸಿದರು. ಬೆರಳುಗಳು ಹೊರಗಿರಬೇಕು, ಚೆಂಡಿನ ಭಾರ ಬೆರಳಿಗೆ ತಿಳಿಯಬೇಕು, ಅಂದಿನ ಗಡಸು ತೊಗಲಿನ ಬೂಟಿನಲ್ಲಿ ಅದು ತಿಳಿಯುತ್ತಿರಲಿಲ್ಲ ಎಂದರು. ಬೂಟು ಮನೆಯಲ್ಲಿತ್ತು, ಮಳೆಯಾದ ದಿನ ಹಾಕುತ್ತಿದ್ದೆ ಎಂದೂ ಹೇಳಿದರು. ಅವರ ಮಾತಿನಲ್ಲಿ ಕೊರತೆಯ ಸುಳಿವೇ ಇರಲಿಲ್ಲ, ಒಂದು ವಿದ್ಯೆಯ ಬಗೆಗಿನ ಅಭಿಮಾನವಿತ್ತು. ಒಬ್ಬರ ಅನುಭವವನ್ನು ಎಲ್ಲರಿಗೂ ಅನ್ವಯಿಸುವುದು ನನ್ನ ಕಸುಬಿನಲ್ಲಿ ಸಲ್ಲದು. ಬೂಟು ಕೊಳ್ಳಲಾಗದ ಆಟಗಾರರು ಖಂಡಿತ ಇದ್ದರು. ಆದರೆ ರಾಷ್ಟ್ರೀಯ ತಂಡದಲ್ಲಿ ಬೂಟಿನವರೂ ಬರಿಗಾಲಿನವರೂ ಒಟ್ಟಿಗೆ ಆಡುತ್ತಿದ್ದರೆಂಬುದು, ಅದು ಬಹುಮಟ್ಟಿಗೆ ಅಭ್ಯಾಸದ ಮತ್ತು ಆಯ್ಕೆಯ ಪ್ರಶ್ನೆಯಾಗಿತ್ತು ಎಂಬುದನ್ನೇ ಸೂಚಿಸುತ್ತದೆ.

ಹಿಂದೆ ಸರಿದದ್ದು ನಾವೊಬ್ಬರೇ ಅಲ್ಲ ಎಂಬುದನ್ನೂ ಸೇರಿಸಬೇಕು. ಅರ್ಹತೆ ಪಡೆದಿದ್ದ ಸ್ಕಾಟ್ಲೆಂಡ್, ಬ್ರಿಟಿಷ್ ಚಾಂಪಿಯನ್ ಆಗದೆ ಹೋಗುವುದಿಲ್ಲವೆಂದು ಹಟ ಹಿಡಿದು ಹೊರಗುಳಿಯಿತು. ಟರ್ಕಿ ಬರಲಿಲ್ಲ. ತೆರವಾದ ಸ್ಥಾನಕ್ಕೆ ಕರೆದ ಫ್ರಾನ್ಸ್ ಕೂಡ ಕೊನೆಗೆ ಒಲ್ಲೆನೆಂದಿತು. ಹದಿನಾರು ತಂಡಗಳ ಪಂದ್ಯಾವಳಿ 13 ತಂಡಗಳೊಡನೆ ನಡೆಯಿತು, ಒಂದು ಗುಂಪಿನಲ್ಲಿ ಉರುಗ್ವೆ ಮತ್ತು ಬೊಲಿವಿಯ ಎರಡೇ ಉಳಿದಿದ್ದವು. ಈ ದೇಶಗಳ ಗೈರುಹಾಜರಿಗೆ ಯಾರೂ ದಂತಕಥೆ ಕಟ್ಟಲಿಲ್ಲ, ಅವುಗಳ ಆಡಳಿತ ಮಂಡಳಿಗಳ ತೀರ್ಮಾನವೆಂದೇ ಬರೆದರು. ನಮ್ಮದನ್ನೂ ಹಾಗೆಯೇ ಬರೆಯಬೇಕೆಂಬುದಷ್ಟೇ ನನ್ನ ಒತ್ತಾಯ.

ಆಡಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಯೂ ಬರುತ್ತದೆ, ಅದಕ್ಕೆ ಉತ್ತರಿಸುವುದು ದಾಖಲೆಕಾರರ ಕೆಲಸವಲ್ಲ. ಆ ಗುಂಪಿನಲ್ಲಿ ಸ್ವೀಡನ್ 3-2ರಿಂದ ಇಟಲಿಯನ್ನು ಸೋಲಿಸಿ ಮುಂದೆ ಹೋಯಿತು. ಹಿಂದಿನ ವರ್ಷ ಸುಪರ್ಗಾ ವಿಮಾನ ದುರಂತದಲ್ಲಿ ಟೊರಿನೊ ಕ್ಲಬ್‌ನ ಆಟಗಾರರನ್ನು ಕಳೆದುಕೊಂಡಿದ್ದ ಇಟಲಿ ಹಡಗಿನಲ್ಲಿ ಬ್ರೆಜಿಲ್ ತಲುಪಿ ಮೊದಲ ಪಂದ್ಯದಲ್ಲೇ ಎಡವಿತ್ತು. ಪರಾಗ್ವೆ ಒಂದೂ ಪಂದ್ಯ ಗೆಲ್ಲಲಿಲ್ಲ. ಇದರಾಚೆಗೆ ನಾನು ಊಹಿಸುವುದಿಲ್ಲ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಿಗೆ ಒಂದು ವಿನಂತಿ. ಭಾರತ 1950ರ ವಿಶ್ವಕಪ್‌ನಲ್ಲಿ ಏಕೆ ಆಡಲಿಲ್ಲ ಎಂಬುದನ್ನು ಒಂದು ಅಂಕದ ಪ್ರಶ್ನೆಯಾಗಿ ಕೇಳಬೇಡಿ, ನಾಲ್ಕು ಆಯ್ಕೆಗಳ ನಡುವೆ ಬರಿಗಾಲನ್ನು ಸರಿಯುತ್ತರವಾಗಿ ಇಡಬೇಡಿ. ಕೇಳಲೇಬೇಕೆಂದಿದ್ದರೆ ಭಾರತ ತನ್ನ ಮೊದಲ ವಿಶ್ವಕಪ್ ಅರ್ಹತಾ ಪಂದ್ಯವನ್ನು ಯಾವ ವರ್ಷ ಆಡಿತೆಂದು ಕೇಳಿ. ಉತ್ತರ 1985.