ಖಾರ ಹಚ್ಚಿದ್ರ ನೋವು ಹೆಂಗ ಇಳೀತೈತಿ?

ಮಂಡಿನೋವಿಗೆ ಡಾಕ್ಟರ್ ಕ್ಯಾಪ್ಸೈಸಿನ್ ಕ್ರೀಮ್ ಬರದು ಕೊಟ್ರ ನಮ್ಮ ಕಡೆ ಮಂದಿ ಎರಡ ದಿನ ಹಚ್ಚಿ, ಉರಿ ತಡಕೊಳ್ಳಾಕ ಆಗದ ಮೂಲಿಗೆ ಒಗದುಬಿಡ್ತಾರ, ಆಮ್ಯಾಲೆ ಮತ್ತ ಮೆಡಿಕಲ್ ಶಾಪಿನ ಗುಳಿಗಿನ ಗತಿ. ಆ ಉರಿ ಯಾಕ ಅಂತ ಯಾರೂ ಹೇಳಿರಂಗಿಲ್ಲ, ನನಗ ಬ್ಯಾಸರ ಆಗೋದು ಅಲ್ಲೇ.

ಕ್ಯಾಪ್ಸೈಸಿನ್ ಅಂದ್ರ ಮೆಣಸಿನಕಾಯಿ ಖಾರ. 1816ರಾಗ ಜರ್ಮನಿಯ ಬುಖೋಲ್ಜ್ ಇದನ್ನ ಹೊರಗ ತಗದ್ರು, 1876ರಾಗ ಜಾನ್ ಥ್ರೆಶ್ ಶುದ್ಧ ಮಾಡಿ ಹೆಸರಿಟ್ರು. ಖರೆ ಕಥಿ ಶುರು ಆಗೋದು 1940ರ ದಶಕದಾಗ, ಹಂಗೇರಿಯ ಮಿಕ್ಲೋಶ್ ಯಾಂಚೋ ಪ್ರಾಣಿಗಳಿಗೆ ಇದನ್ನ ಮ್ಯಾಲಿಂದಮ್ಯಾಲೆ ಹಚ್ಚಿ ನೋಡಿದ್ರು, ಮೊದಲು ಒದ್ದಾಡಿದ ಪ್ರಾಣಿ ಆಮ್ಯಾಲೆ ಬ್ಯಾರೆ ಉರಿಯೋ ಕೆಮಿಕಲ್ ಹಾಕಿದ್ರೂ ಸುಮ್ಮನ ಇತ್ತು, ಆದ್ರ ಮುಟ್ಟಿದ್ದು ಮಾತ್ರ ಗೊತ್ತಾಗ್ತಿತ್ತು! ಅಂದ್ರ ಪೂರ್ತಿ ಜೋಮು ಹಿಡಿದಿದ್ದಲ್ಲ, ನೋವಿನ ನರ ಅಷ್ಟ ಸುಮ್ಮನಾಗಿತ್ತು.

ಯಾಕ ಅನ್ನೋದು ತಿಳಿದಿದ್ದು 1997ರಾಗ. ಅಮೆರಿಕಾದ ಡೇವಿಡ್ ಜೂಲಿಯಸ್ ತಂಡ ನೋವಿನ ನರದ ತುದಿಯೊಳಗಿನ ಟಿಆರ್‌ಪಿವಿ1 ಅನ್ನೋ ಪ್ರೋಟೀನ್ ಹುಡುಕಿತು, ಅದು ಒಂದು ಬಾಗಿಲ ಇದ್ದಂಗ, 43 ಡಿಗ್ರಿ ಬಿಸಿ ತಾಗಿದ್ರೂ ತೆರೀತೈತಿ ಖಾರ ತಾಗಿದ್ರೂ ತೆರೀತೈತಿ, ಅದಕ್ಕ ಮೆಣಸಿನಕಾಯಿ ತಿಂದ್ರ ಬಾಯಿ ಸುಟ್ಟಂಗ ಅನಸ್ತೈತಿ. 2021ರ ನೊಬೆಲ್ ಜೂಲಿಯಸ್ಸಿಗೆ ಆರ್ಡೆಮ್ ಪಟಾಪೂಟಿಯನ್ ಜೋಡಿ ಬಂತು. ಕ್ರೀಮ್ ಹಚ್ಚಿದಾಗ ನರದ ತುದಿಯೊಳಗ ಕ್ಯಾಲ್ಸಿಯಂ ನುಗ್ಗತೈತಿ, ಮೊದಲು ಉರಿ, ದಿನಾ ಮೂರ್ನಾಲ್ಕು ಸಲ ಹಚ್ಚತಾ ಹೋದ್ರ ಆ ತುದಿ ನೋವಿನ ಸುದ್ದಿ ಕಳಸೋದನ್ನ ಕಡಿಮಿ ಮಾಡ್ತೈತಿ. ಇದಕ್ಕ ಎರಡರಿಂದ ನಾಲ್ಕು ವಾರ ಬೇಕು. 2009ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ಕ 8% ಕ್ಯಾಪ್ಸೈಸಿನ್ ಇರೋ ಪ್ಯಾಚ್ ಇನ್ನೂ ಜೋರು, ಸರ್ಪಸುತ್ತು ವಾಸಿ ಆದಮ್ಯಾಲೂ ಉಳಿಯೋ ನರದ ನೋವಿಗೆ ದವಾಖಾನಿಯೊಳಗ ಒಂದು ತಾಸು ಅಂಟಸ್ತಾರ, ಮೂರು ತಿಂಗಳ ಸುಮಾರು ಆರಾಮ ಸಿಗಬಹುದು.

ನೋವಿಗೆ ಹಚ್ಚೋ ಇನ್ನೊಂದು ಔಷಧ ಡೈಕ್ಲೋಫೆನಾಕ್ ಜೆಲ್, ಅದರ ದಾರಿ ಬ್ಯಾರೆ. ಅದು ಬಾವು ಬಂದ ಜಾಗದಾಗ ನೋವು, ಬಾವು ಹೆಚ್ಚಸೋ ಪ್ರೊಸ್ಟಾಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗೋದನ್ನ ತಡೀತೈತಿ, ಆಸ್ಪಿರಿನ್ ಗುಳಿಗಿನೂ ಹಿಂಗ ಕೆಲಸ ಮಾಡ್ತೈತಿ ಅಂತ 1971ರಾಗ ಜಾನ್ ವೇನ್ ತೋರಿಸಿದ್ರು. ಖಾರದ ಕ್ರೀಮ್, ಈ ಜೆಲ್ ಎರಡೂ ಹಚ್ಚಿದಲ್ಲೇ ಕೆಲಸ ಮಾಡ್ತಾವ, ರಕ್ತಕ್ಕ ಸೇರೋದು ಭಾಳ ಕಡಿಮಿ, ವಯಸ್ಸಾದವರ ಹೊಟ್ಟಿಗೆ ಕಿಡ್ನಿಗೆ ಗುಳಿಗಿಗಿಂತ ಹಗುರ.

ಹಂಗಂತ ಮನಿಯಾಗಿನ ಖಾರಪುಡಿ ತಿಕ್ಕಬ್ಯಾಡ್ರಿ, ಗುಳ್ಳಿ ಏಳ್ತಾವ, ಅದರಾಗ ಎಷ್ಟು ಖಾರ ಐತಿ ಅನ್ನೋ ಲೆಕ್ಕನೂ ಇಲ್ಲ. ನಮ್ಮ ಹಾವೇರಿ ಜಿಲ್ಲಾದ ಬ್ಯಾಡಗಿ ಕಾಯಿಗೆ ಹೆಸರು ಬಂದಿದ್ದ ಬಣ್ಣಕ್ಕ, ಖಾರ ಅದರಾಗ ಕಡಿಮಿ. ಕ್ರೀಮ್ ಹಚ್ಚಿದ ಕೈ ಸೋಪಿನಿಂದ ತೊಳಕೋರಿ, ಗಾಯದ ಮ್ಯಾಲೆ ಬ್ಯಾಡ, ಹಚ್ಚಿದ ಕೂಡಲೇ ಬಿಸಿನೀರು ಹಾಕೋಬ್ಯಾಡ್ರಿ, ಬಿಸಿಗೂ ತೆರಿಯೋದು ಅದ ಬಾಗಿಲ, ಉರಿ ದುಪ್ಪಟ್ಟು ಆಗ್ತೈತಿ.